ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ ಬನ್ನಿ



ನಮ್ಮ ಸಭೆಯ ಕಳೆದ ಬೆಳೆ ಹಬ್ಬದಲ್ಲಿ ಒಂದು ಬೂದುಗುಂಬಳಕಾಯಿಗೆ ನಾನು 6,000 ರೂಪಾಯಿ ಕೊಟ್ಟೆ. ಸಂತೆಯಲ್ಲಿ ಅದಕ್ಕೆ 200 ರೂಪಾಯಿ ಸಿಕ್ಕಿದರೆ ಹೆಚ್ಚು. ಏಲಂ ಕೂಗುವ ಹುಡುಗರು "ಒಂದು ಸಲ, ಎರಡು ಸಲ" ಎನ್ನುವಾಗ ಚಪ್ಪರದ ಅಡಿಯಲ್ಲಿ ನಗು, ಚಪ್ಪಾಳೆ. ಊರಕೋಳಿಗೆ ಒಬ್ಬರು, ಬಾಳೆಗೊನೆಗೆ ಇನ್ನೊಬ್ಬರು ಜಿದ್ದಿಗೆ ಬಿದ್ದಿದ್ದರು. ಹಣವೆಲ್ಲ ದೇವಾಲಯದ ಕೆಲಸಕ್ಕೆ. ಯಾರಿಗೂ ಬೇಸರವಿಲ್ಲ. ಕುಂಬಳಕಾಯಿಯನ್ನು ಹೆಗಲಿಗೇರಿಸಿಕೊಂಡು ತಿರುಗಿದವನು ಎರಡು ಸಾಲು ಹಿಂದೆ ಕೂತಿದ್ದ ನನ್ನ ಅಕ್ಕನನ್ನು ಕಂಡೆ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಕುಂಬಳಕಾಯಿಯನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಕೈಚೀಲದ ದಾರ ಕಟ್ಟತೊಡಗಿದಳು.

ಹನ್ನೊಂದು ವರ್ಷಗಳಿಂದ ನಾವಿಬ್ಬರೂ ಒಂದೇ ದೇವಾಲಯಕ್ಕೆ ಬರುತ್ತೇವೆ, ಕರ್ತನ ರಾತ್ರಿ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುತ್ತೇವೆ. ಆದರೂ ಮೊನ್ನೆಯವರೆಗೆ ಮಾತಿರಲಿಲ್ಲ. ತಪ್ಪು ನನ್ನದು. ಅದನ್ನು ಮುಂದೆ ಹೇಳುತ್ತೇನೆ. ಈ ಮನವಿಯನ್ನು ಬರೆಯಲು ನನಗಿರುವ ಯೋಗ್ಯತೆ ಅಷ್ಟೇ: ನಾನು ಕ್ಷಮಿಸಿ ದೊಡ್ಡವನಾದವನಲ್ಲ, ಕ್ಷಮೆ ಬೇಕಾದವನು.

ಬೆಟ್ಟದ ಪ್ರಸಂಗದಲ್ಲಿ ಯೇಸು ಹೇಳಿದ ಒಂದು ಮಾತು ನಮಗೆಲ್ಲ ಬಾಯಿಪಾಠ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ. ಯಜ್ಞವೇದಿಗೆ ಕಾಣಿಕೆ ತಂದವನಿಗೆ ಅಲ್ಲಿ ನಿಂತಾಗ ತನ್ನ ಸಹೋದರನ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಅವನೊಡನೆ ಒಂದಾಗಿ, ಆಮೇಲೆ ಬಂದು ಕಾಣಿಕೆ ಕೊಡಬೇಕು. ಇದನ್ನು ಎಷ್ಟೋ ಸಲ ಕೇಳಿದ್ದೆ, ಓದಿದ್ದೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೂ ಒಂದು ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಹೊರಡಬೇಕಾದವನು ಯಾರು? ನನಗೆ ಅವನ ಮೇಲೆ ಸಿಟ್ಟಿದ್ದರೆ ಹೋಗು ಎಂದಿಲ್ಲ. ಅವನಿಗೆ ನನ್ನ ಮೇಲೆ ದೂರು ಇದ್ದರೆ ಹೋಗಬೇಕು. ನೊಂದವನ ಮನೆಗೆ ನೋಯಿಸಿದವನ ಕಾಲು ನಡೆಯಬೇಕು.

ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿ ನೊಂದವನಿಗೂ ಒಂದು ಮಾತಿದೆ: ತಪ್ಪು ಮಾಡಿದ ಸಹೋದರನ ಬಳಿಗೆ ನೀನೇ ಹೋಗಿ, ಇಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು. ಅವನು ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಹೀಗೆ ಇಬ್ಬರಿಗೂ ಹೊರಡುವ ಅಪ್ಪಣೆ. ಇಬ್ಬರೂ ಮಾತು ಕೇಳಿದರೆ ಮನೆ ಮುಟ್ಟುವ ಮುಂಚೆ ದಾರಿಯಲ್ಲೇ ಎದುರಾಗುತ್ತಾರೆ. ನಮ್ಮಲ್ಲಿ ಆಗುವುದೇ ಬೇರೆ. ಇಬ್ಬರೂ ತಂತಮ್ಮ ಜಗಲಿಯಲ್ಲಿ ಕೂತು, "ಬರಬೇಕಾದವನು ಅವನು" ಎನ್ನುತ್ತೇವೆ. ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ಅದೇ ಅಧ್ಯಾಯದ ಕೊನೆಯಲ್ಲಿ ಒಂದು ಲೆಕ್ಕವಿದೆ. ಎಷ್ಟು ಸಲ ಕ್ಷಮಿಸಬೇಕು ಎಂದು ಪೇತ್ರನು ಕೇಳಿದ್ದಕ್ಕೆ ಯೇಸು ಹೇಳಿದ ಸಾಮ್ಯ ಅದು. ಅರಸನಿಗೆ ಒಬ್ಬ ಆಳು ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಅವನಿಗೆ ಅವನ ಜೊತೆ ಆಳು ನೂರು ದಿನಾರಿ ಕೊಡಬೇಕಿತ್ತು. ಆ ಕಾಲದಲ್ಲಿ ಒಂದು ದಿನಾರಿ ಎಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ನಮ್ಮ ಲೆಕ್ಕಕ್ಕೆ ಇಳಿಸೋಣ. ತೋಟದ ಕೂಲಿ ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯವನ ಸಾಲ 3,000 ಕೋಟಿ ರೂಪಾಯಿ. ವರ್ಷಕ್ಕೆ 300 ದಿನ ದುಡಿದು ಒಂದು ಪೈಸೆಯನ್ನೂ ತಿನ್ನದೆ ಕಟ್ಟಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಎರಡನೆಯವನ ಸಾಲ 50,000 ರೂಪಾಯಿ.

ಈ ಎರಡನೆಯ ಮೊತ್ತದ ಮುಂದೆ ಸ್ವಲ್ಪ ನಿಲ್ಲಿ. ಬಡವನಿಗೆ 50,000 ಸಣ್ಣ ಹಣವಲ್ಲ, ಮೂರು ನಾಲ್ಕು ತಿಂಗಳ ದುಡಿಮೆ. ಯೇಸು ಬೇಕೆಂದರೆ ಅದನ್ನು ಎರಡು ದಿನಾರಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಮಗೆ ಇನ್ನೊಬ್ಬರಿಂದ ಆದ ನೋವು ಬರೀ ಕಡ್ಡಿ, ಅದನ್ನು ಗುಡ್ಡ ಮಾಡಬೇಡಿ ಎಂದು ಅವನು ಗದರಿಸಲಿಲ್ಲ. ನೂರು ದಿನದ ಕೂಲಿ ಕಳೆದುಕೊಂಡವನಿಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ಒಪ್ಪಿಕೊಂಡೇ ಅವನು ಕೇಳುವುದು ಒಂದು ಪ್ರಶ್ನೆ: 3,000 ಕೋಟಿ ಮನ್ನಾ ಆದ ದಿನ, ಅರಮನೆಯ ಮೆಟ್ಟಿಲು ಇಳಿಯುವಾಗಲೇ, ನಿನ್ನ ಕೈ ಇನ್ನೊಬ್ಬನ ಕುತ್ತಿಗೆಗೆ ಹೇಗೆ ಹೋಯಿತು?

ಕ್ಷಮೆಯನ್ನು ಸಾಲಕ್ಕೆ ಹೋಲಿಸಿದ್ದು ಬರೀ ಅಲಂಕಾರಕ್ಕಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಲೂಕನು ಪಾಪಗಳು ಎಂದು ಬರೆದ ಕಡೆ ಮತ್ತಾಯನು ಬಳಸಿರುವ ಮೂಲ ಪದ ಸಾಲ ಎಂಬುದೇ. ಅದರ ಹಿಂದೆ ಮೋಶೆಯ ಧರ್ಮಶಾಸ್ತ್ರವಿದೆ. ಏಳು ವರ್ಷಕ್ಕೊಮ್ಮೆ ಸಾಲದ ಬಿಡುಗಡೆ ಎನ್ನುತ್ತದೆ ಧರ್ಮೋಪದೇಶಕಾಂಡ. ಐವತ್ತನೆಯ ವರ್ಷ ಬಂದಾಗ, ದೋಷಪರಿಹಾರದ ದಿನದಂದೇ ಕೊಂಬು ಊದಿಸಿ, ಮಾರಿಹೋದ ಹೊಲವನ್ನು ಮೂಲದ ಮನೆಯವರಿಗೆ ಹಿಂದಿರುಗಿಸಿ, ಆಳಾಗಿ ಹೋದವರನ್ನು ಮನೆಗೆ ಕಳಿಸಬೇಕು ಎನ್ನುತ್ತದೆ ಯಾಜಕಕಾಂಡ. ಎರಡನ್ನೂ ಒಂದೇ ದಿನಕ್ಕೆ ಇಟ್ಟಿದ್ದನ್ನು ನೋಡಿ. ದೇವರ ಮುಂದೆ ಪಾಪ ಪರಿಹಾರವಾದ ದಿನವೇ ನೆರೆಯವನ ಹೊಲ ನೆರೆಯವನಿಗೆ. ನಾವು ಇವೆರಡರ ನಡುವೆ ಗೋಡೆ ಕಟ್ಟಿಕೊಂಡಿದ್ದೇವೆ. ಪಾಪಪರಿಹಾರವನ್ನು ದೇವಾಲಯದೊಳಗೆ ಮುಗಿಸಿ, ಹೊಲದ ವಿಷಯವನ್ನು ವಕೀಲರಿಗೆ ಬಿಟ್ಟಿದ್ದೇವೆ.

ಇನ್ನೊಂದು ಮಾತು. ಕರ್ತನು ಕಲಿಸಿದ ಆ ಪ್ರಾರ್ಥನೆಯಲ್ಲಿ ಎಲ್ಲಿಯೂ "ನನ್ನ" ಎಂಬುದಿಲ್ಲ, ಎಲ್ಲವೂ "ನಮ್ಮ". ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಹೇಳಿದರೂ ಬಹುವಚನದಲ್ಲೇ ಹೇಳಬೇಕು. ದೇವರ ಕ್ಷಮೆ ನನ್ನ ಹೆಸರಿಗೆ ಬರುವ ರಸೀದಿಯಲ್ಲ, ಜೇಬಿನಲ್ಲಿಟ್ಟುಕೊಂಡು ಹೋಗಲು. ಪೌಲನ ಒಂದು ಪತ್ರವೂ ಇದನ್ನೇ ತೋರಿಸುತ್ತದೆ. ಅವನು ಫಿಲೆಮೋನನಿಗೆ ಬರೆದ ಆ ಪತ್ರ ಒಂದೇ ಅಧ್ಯಾಯ, ಇಪ್ಪತ್ತೈದೇ ವಚನ. ವಿಷಯ ಸ್ವಂತದ್ದು: ಯಜಮಾನನಿಂದ ದೂರವಾಗಿದ್ದ ದಾಸ ಒನೇಸಿಮನನ್ನು ಮತ್ತೆ ಸೇರಿಸಿಕೋ, ಅದೂ ದಾಸನಂತೆ ಅಲ್ಲ, ಸಹೋದರನಂತೆ. ಅವನಿಂದ ನಿನಗೇನಾದರೂ ಬರಬೇಕಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನು ತೀರಿಸುತ್ತೇನೆ ಎಂದು ಪೌಲ ತನ್ನ ಕೈಯಾರೆ ಬರೆದುಕೊಟ್ಟಿದ್ದಾನೆ. ಇಷ್ಟು ಸ್ವಂತದ ಪತ್ರವನ್ನು ಅವನು ಫಿಲೆಮೋನನೊಬ್ಬನಿಗೇ ಕಳಿಸಬಹುದಿತ್ತು. ಆದರೆ ವಿಳಾಸದಲ್ಲಿ ಅಪ್ಫಿಯಳಿದ್ದಾಳೆ, ಅರ್ಖಿಪ್ಪನಿದ್ದಾನೆ, ಆ ಮನೆಯಲ್ಲಿ ಕೂಡುವ ಸಭೆಯೇ ಇದೆ. ಇಬ್ಬರ ನಡುವಿನ ಕ್ಷಮೆಗೆ ಇಡೀ ಸಭೆ ಸಾಕ್ಷಿ ನಿಲ್ಲಬೇಕೆಂಬುದು ಪೌಲನ ಆಸೆ.

ಈಗ ನನ್ನ ಕಥೆ.

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಮ್ಮ ಮೊದಲೇ ಹೋಗಿದ್ದರು. ಉಳಿದದ್ದು ಮನೆ, 80 ಸೆಂಟ್ಸ್ ಜಾಗ, ಅದರಲ್ಲಿ ಅಡಿಕೆ, ತೆಂಗು. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರದ್ದು. ಹಿಂದೂ ಹೆಣ್ಣುಮಕ್ಕಳ ಹಕ್ಕಿಗಾಗಿ ದೇಶ ದಶಕಗಟ್ಟಲೆ ವಾದ ಮಾಡುವ ಮುಂಚೆಯೇ ಅದು ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಎಂದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹಕ್ಕು ಬಿಡುಗಡೆ ಪತ್ರ ಬರೆಸಿ, ಅಪ್ಪನ ವರ್ಷದ ಪ್ರಾರ್ಥನೆಗೆ ಬಂದ ಅಕ್ಕನ ಕೈಯಲ್ಲಿ ಸಹಿ ಹಾಕಿಸಿದೆ. "ನಿನ್ನ ಮದುವೆಗೆ ಅಪ್ಪ ಖರ್ಚು ಮಾಡಿದ್ದಾರಲ್ಲ, ಅಪ್ಪನನ್ನು ಕೊನೆಗಾಲದಲ್ಲಿ ನೋಡಿಕೊಂಡವನು ನಾನಲ್ಲವಾ" ಎಂದೆ. ಅವಳು ಎದುರು ಮಾತಾಡಲಿಲ್ಲ. ಸಹಿ ಹಾಕಿ, ಊಟ ಮಾಡದೆ ಬಸ್ಸು ಹತ್ತಿದಳು. ಆಮೇಲೆ ಭಾವ ಕಾಯಿಲೆ ಬಿದ್ದಾಗ ಅವಳು ಬಳೆ ಅಡವಿಟ್ಟ ಸುದ್ದಿ ನನಗೆ ಮೂರನೆಯವರಿಂದ ಬಂತು.

ಆ ಕುಂಬಳಕಾಯಿಯ ಮಾರನೆಯ ವಾರ ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ನಿಂತಲ್ಲೇ ಹೇಳಿದೆ: ನನ್ನದು ತಪ್ಪಾಯಿತು, ದೇವರ ಹತ್ತಿರ ಕ್ಷಮೆ ಬೇಡಿದ್ದೇನೆ, ನೀನೂ ಕ್ಷಮಿಸು. ಅವಳು ಅಕ್ಕಿ ಆರಿಸುತ್ತಿದ್ದವಳು ಗೆರಸೆಯಿಂದ ಕಣ್ಣೆತ್ತಲಿಲ್ಲ.

"ಮಾತು ತಂದಿದ್ದಿ. ಕಾಗದ ತಂದಿದ್ದಿಯಾ?" ಎಂದಳು.

ನಾನು ಕಾಗದ ಒಯ್ದಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವಳ ಕ್ಷಮೆಯಷ್ಟೇ. ಅವಳ 40 ಸೆಂಟ್ಸ್ ಅವಳಿಗೆ ಸೇರಬೇಕೆಂಬ ಯೋಚನೆ ನನ್ನ ಪಶ್ಚಾತ್ತಾಪದ ಒಳಗೆ ಇರಲೇ ಇಲ್ಲ. ಲೂಕನ ಸುವಾರ್ತೆಯ ಜಕ್ಕಾಯನ ನೆನಪಾಯಿತು. ಆಲದ ಜಾತಿಯ ಆ ಮರ ಹತ್ತಿದ ಗಿಡ್ಡ ಸುಂಕದವನ ಕಥೆ ಮಕ್ಕಳಿಗೆ ಹೇಳುವಾಗ ಮರದ ಭಾಗವನ್ನೇ ರಸವತ್ತಾಗಿ ಹೇಳುತ್ತೇವೆ. ಮರದಿಂದ ಇಳಿದು, ಯೇಸುವನ್ನು ಮನೆಗೆ ಕರೆದುಕೊಂಡು ಹೋದವನು ಏನು ಮಾಡಿದ? ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದ. ಈ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಮ್ಮ ಸಭೆಗಳಲ್ಲಿ "ಕ್ಷಮಿಸಿಬಿಡು" ಎಂಬ ಮಾತು ಹೆಚ್ಚಾಗಿ ಯಾರ ಕಿವಿಗೆ ಬೀಳುತ್ತದೆ? ಗಂಡನ ಏಟು ತಿಂದವಳಿಗೆ. ಸಂಬಳ ಸಿಗದ ಕೆಲಸದವಳಿಗೆ. ಪಾಲು ಸಿಗದ ಅಕ್ಕತಂಗಿಯರಿಗೆ. ದೊಡ್ಡವರೊಬ್ಬರು ಮೈಮುಟ್ಟಿದ್ದನ್ನು ಅಳುತ್ತ ಹೇಳಿದ ಮಗುವಿನ ತಾಯಿಗೆ. ಸಭೆಯ ಮಾನ, ಮನೆಯ ಮಾನ ಎಂದು ಬಾಯಿ ಮುಚ್ಚಿಸಲು ದೇವರ ಹೆಸರನ್ನು ಬಳಸಿದರೆ ಅದು ಕ್ಷಮೆಯ ಹೆಸರಿನಲ್ಲಿ ನಡೆಯುವ ಎರಡನೆಯ ಏಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಯಾರೇ ಇರಲಿ, ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098, ಹೆಂಗಸರ ಸಹಾಯವಾಣಿ 181. ಈ ಎರಡು ಸಂಖ್ಯೆಗಳನ್ನು ಪ್ರತಿ ದೇವಾಲಯದ ಸೂಚನಾ ಫಲಕದಲ್ಲಿ ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲೇ ಬರೆಯಿಸಿ.

ಕ್ಷಮಿಸಿದವರು ನ್ಯಾಯವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಗಳಿವೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳಾದ ಫಿಲಿಪ್, ತಿಮೊಥಿಯನ್ನು ಸುಡಲಾಯಿತು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದವರು ಸ್ಟೇನ್ಸ್. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಹಾಗೆಂದು ಮೊಕದ್ದಮೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಗ್ಲಾಡಿಸ್ ಕೂಡಲೇ ಗಂಟುಮೂಟೆ ಕಟ್ಟಿ ಸ್ವದೇಶಕ್ಕೆ ಹೊರಟುಹೋಗಲೂ ಇಲ್ಲ. ವರ್ಷಗಳ ಕಾಲ ಬಾರಿಪದದಲ್ಲೇ ಇದ್ದು ಅದೇ ರೋಗಿಗಳ ಸೇವೆ ಮುಂದುವರಿಸಿದರು. ಕಾನೂನಿನ ಕೆಲಸವನ್ನು ಕಾನೂನು ಮಾಡಿತು, ಅವರು ತಮ್ಮ ಮನಸ್ಸಿನೊಳಗೆ ದ್ವೇಷಕ್ಕೆ ಜಾಗ ಕೊಡಲಿಲ್ಲ.

ಸಿಸ್ಟರ್ ರಾಣಿ ಮರಿಯ ಕೇರಳದವರು. ಮಧ್ಯಪ್ರದೇಶದ ಉದಯನಗರದ ಸುತ್ತ ಬಡ ಕೃಷಿಕೂಲಿಗಳನ್ನು ಲೇವಾದೇವಿದಾರರ ಹಿಡಿತದಿಂದ ಬಿಡಿಸಲು ದುಡಿದರು. ನೋಡಿ, ಅಲ್ಲಿಯೂ ಸಾಲದ ಮಾತೇ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಅವರಿಗೆ ಚೂರಿ ಹಾಕಿ ಕೊಂದವನು ಸಮಂದರ್ ಸಿಂಗ್. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು. ಅವನು ಜೈಲಿಗೆ ಹೋದ. 2002ರಲ್ಲಿ ರಾಣಿ ಮರಿಯರ ತಂಗಿ, ಅವರೂ ಸನ್ಯಾಸಿನಿ, ಸಿಸ್ಟರ್ ಸೆಲ್ಮಿ ಪೌಲ್ ಅದೇ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರೇ ಅವನ ಬಿಡುಗಡೆಗೆ ಒಪ್ಪಿಗೆ ಬರೆದುಕೊಟ್ಟರು. 2006ರಲ್ಲಿ ಹೊರಬಂದ ಅವನು ಕೇರಳಕ್ಕೆ ಹೋಗಿ ಆ ತಂದೆತಾಯಿಯ ಮುಂದೆ ನಿಂತ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಧನ್ಯರೆಂದು ಘೋಷಿಸಿದಾಗ ಜನರ ನಡುವೆ ಅವನೂ ಇದ್ದ. ಈ ಕಥೆಯಲ್ಲಿ ಯಾರೂ ಸತ್ಯವನ್ನು ಮುಚ್ಚಿಡಲಿಲ್ಲ, ಆ ಕುಟುಂಬದ ಮೇಲೆ ಯಾರೂ ಕ್ಷಮೆಯನ್ನು ಹೇರಲೂ ಇಲ್ಲ. ಕೊಲೆಯಿಂದ ರಾಖಿಯವರೆಗೆ ಏಳು ವರ್ಷ ಹಿಡಿಯಿತು. ಗಾಯಕ್ಕೆ ತನ್ನದೇ ಆದ ಪಂಚಾಂಗವಿದೆ.

ನಮ್ಮ ಕರಾವಳಿಯೂ 2008ರ ಸೆಪ್ಟೆಂಬರ್ 14ರ ಭಾನುವಾರವನ್ನು ಮರೆತಿಲ್ಲ. ಮಂಗಳೂರಿನ ಆರಾಧನಾ ಮಠದಲ್ಲೂ ಬೇರೆ ಪ್ರಾರ್ಥನಾಲಯಗಳಲ್ಲೂ ಅಂದು ನಡೆದ ದಾಳಿಯಲ್ಲಿ ಒಡೆದದ್ದು ಬರೀ ಮರ, ಗಾಜು ಅಲ್ಲ. ಆ ದಿನದ ಬಗ್ಗೆ ಸತ್ಯ ಕೇಳುವುದು ದ್ವೇಷವಲ್ಲ, ನಾಗರಿಕನ ಹಕ್ಕು. ಆದರೆ ಅಂದು ಕಲ್ಲೆಸೆದವರ ಲೆಕ್ಕವನ್ನು ಇಂದು ಪಕ್ಕದ ಮನೆಯವರ ಮೇಲೆ, ಅವರ ಮಕ್ಕಳ ಮೇಲೆ ಬರೆಯುವುದಕ್ಕೆ ನಮಗೆ ಯಾವ ಹಕ್ಕೂ ಇಲ್ಲ. ಅವರ ಮನೆಯ ಹಬ್ಬಕ್ಕೆ ಹೋಗುವುದನ್ನು ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ.

ಇನ್ನೊಂದು ಕಷ್ಟದ ಸಂಗತಿ: ನೋಯಿಸಿದವರ ಸಾಲಿನಲ್ಲಿ ನಮ್ಮ ಸಭೆಯೇ ನಿಂತಿರುವ ಸಂದರ್ಭಗಳು. ಕ್ರಿಸ್ತನಲ್ಲಿ ಎಲ್ಲರೂ ಒಂದು ಎಂದು ಸಾರುತ್ತಲೇ ಬೆಂಚುಗಳಲ್ಲಿ, ಮದುವೆ ಸಂಬಂಧದಲ್ಲಿ, ಸ್ಮಶಾನದಲ್ಲಿ ಸಹ ಜಾತಿಯನ್ನು ಕಾಪಾಡಿಕೊಂಡು ಬಂದವರು ನಾವು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನ ದಲಿತರ ಸಬಲೀಕರಣದ ನೀತಿಯೊಂದನ್ನು ಹೊರತಂದು, ಅಸ್ಪೃಶ್ಯತೆ ಸಭೆಯೊಳಗೂ ಇದೆಯೆಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದು ಮೊದಲ ಹೆಜ್ಜೆ. ಸಂಸ್ಥೆಗಳಿಗೆ ಅದು ಮನುಷ್ಯರಿಗಿಂತ ಕಷ್ಟ. 2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಪೋಪ್ ಎರಡನೇ ಜಾನ್ ಪಾಲ್ ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗೆ ದೇವರ ಕ್ಷಮೆ ಬೇಡಿದರು. 2019ರ ಸೆಪ್ಟೆಂಬರ್ 10ರಂದು ಕ್ಯಾಂಟರ್ಬರಿಯ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನೆಲದ ಮೇಲೆ ಬೋರಲು ಮಲಗಿದರು. ಗುಂಡು ಹಾರಿಸಿದ್ದು ಅವರಲ್ಲ, ಅವರು ಆಗ ಹುಟ್ಟಿಯೂ ಇರಲಿಲ್ಲ. ಬ್ರಿಟಿಷ್ ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ತಮಗಿಲ್ಲ ಎಂದೂ ಅವರೇ ಹೇಳಿದರು. ಆದರೂ ಮಲಗಿದರು. ನಮ್ಮ ಅಜ್ಜಂದಿರು ಹಾಕಿದ ಬೇಲಿಗೆ ನಾವು ಹೊಣೆಯೇ ಎಂದು ಕೇಳುವವರು ಆ ಚಿತ್ರವನ್ನು ನೆನಪಿಸಿಕೊಳ್ಳಲಿ.

ಒಂದಾಗುವುದು ಆಗದ ಮಾತೂ ಅಲ್ಲ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರೆಗೇಶನಲ್ ಎಂದು ಯುರೋಪಿನ ಜಗಳಗಳನ್ನು ಹೊತ್ತು ತಂದಿದ್ದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆ ಸಭೆ 1950ರಲ್ಲಿ ಬಳಕೆಗೆ ತಂದ ಕರ್ತನ ಭೋಜನದ ಆರಾಧನಾಕ್ರಮದಲ್ಲಿ ಒಂದು ಹಳೆಯ ಪದ್ಧತಿಗೆ ಮತ್ತೆ ಜೀವ ಬಂತು. ಕೇರಳದ ಸಿರಿಯನ್ ಸಭೆಗಳಲ್ಲಿ ಉಳಿದುಬಂದಿದ್ದ ಸಮಾಧಾನ ಹಂಚುವ ಪದ್ಧತಿ ಅದು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ, ಅದರ ಮೇಲೆ ಎಡಗೈ ಮುಚ್ಚಿ, ಪೀಠದ ಬಳಿಯಿಂದ ಹೊರಟ ಸಮಾಧಾನ ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಕೊನೆಯವರೆಗೂ ಹೋಗುತ್ತದೆ. ಅದನ್ನು ಇಟ್ಟಿರುವ ಜಾಗ ನೋಡಿ: ಕಾಣಿಕೆ ಎತ್ತುವುದಕ್ಕೆ ಮುಂಚೆ. ಬೆಟ್ಟದ ಪ್ರಸಂಗದ ಮಾತನ್ನು ಆರಾಧನೆಯ ಕ್ರಮದೊಳಗೇ ಹೊಲಿದುಬಿಟ್ಟಿದ್ದಾರೆ. ನಾನು ಹನ್ನೊಂದು ವರ್ಷ ಆ ಹೊಲಿಗೆಯನ್ನು ಬಿಚ್ಚಿಕೊಂಡು ಬದುಕಿದೆ. ಅಕ್ಕ ಎಡಬದಿಗೆ ಕೂತರೆ ನಾನು ಬಲಬದಿಗೆ ಹೋಗುತ್ತಿದ್ದೆ, ಸಮಾಧಾನ ನಮ್ಮಿಬ್ಬರ ನಡುವೆ ಎಂದೂ ದಾಟದಂತೆ.

ಬಂಧುಗಳೇ, ಬರುವ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ನಲವತ್ತು ದಿನಗಳಿಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಐದು. ಮಾಂಸ ಬಿಡುವುದು, ಸಿಹಿ ಬಿಡುವುದು ಇರಲಿ. ಅದರ ಜೊತೆಗೆ ಇವು.

ಒಂದು. ನಿಮ್ಮ ಮೇಲೆ ದೂರು ಇರುವ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಡಿ. ಒಬ್ಬರೇ ಸಾಕು. ನಲವತ್ತು ದಿನದೊಳಗೆ ಅವರ ಮನೆಗೆ ಹೋಗಿ. ಫೋನು ಬೇಡ, ವಾಟ್ಸ್ಯಾಪಿನಲ್ಲಿ ಕೈಮುಗಿದ ಚಿತ್ರ ಬೇಡ. ಅವರದ್ದು ನಿಮ್ಮ ಬಳಿ ಉಳಿದಿದ್ದರೆ, ಅದು ಕೈಗಡ ಇರಲಿ, ಕೂಲಿ ಇರಲಿ, ಪಾಲು ಇರಲಿ, ಅದನ್ನು ಹಿಡಿದುಕೊಂಡು ಹೋಗಿ. ಅವರು ಬಾಗಿಲು ತೆರೆಯದಿದ್ದರೆ ಸಿಟ್ಟಾಗಬೇಡಿ. ಕ್ಷಮಿಸಬೇಕೋ ಬೇಡವೋ, ಯಾವಾಗ ಎಂಬುದು ಅವರಿಗೆ ಸೇರಿದ್ದು.

ಎರಡು. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಸಿವಿಲ್ ದಾವೆ ಇದ್ದರೆ ಲೋಕ ಅದಾಲತ್ತಿಗೆ ಒಯ್ಯಿರಿ. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯಡಿ ನಡೆಯುವ ವ್ಯವಸ್ಥೆ ಅದು. ಶುಲ್ಕವಿಲ್ಲ. ರಾಜಿಯಾದರೆ ಮೊದಲು ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಸಿಗುತ್ತದೆ. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ತಾಲ್ಲೂಕು ನ್ಯಾಯಾಲಯದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ. ಆದರೆ ರಾಜಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಪಾಲನ್ನು ಕರಗಿಸಬೇಡಿ.

ಮೂರು. ಜಾತಿ ಬಿಟ್ಟು, ಮತ ಬಿಟ್ಟು ಮದುವೆಯಾದರೆಂದು ಮನೆಯಿಂದ ಹೊರಗಿಟ್ಟ ಮಗಳು, ಮಗ ನಿಮಗಿದ್ದರೆ ಈಸ್ಟರಿನ ಊಟಕ್ಕೆ ಕರೆಯಿರಿ. ಮೊಮ್ಮಕ್ಕಳಿಗೆ ಯಾವ ಹೆಸರಿಟ್ಟಿದ್ದಾರೆಂದು ನೋಡಬೇಡಿ.

ನಾಲ್ಕು. ಸಭಾಪಾಲಕರಲ್ಲಿ, ಧರ್ಮಗುರುಗಳಲ್ಲಿ, ಸಭಾ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ಸ್ಮಶಾನದಲ್ಲಿ, ಬೆಂಚುಗಳಲ್ಲಿ, ಸಮಿತಿಗಳಲ್ಲಿ ಜಾತಿಯ ಗೆರೆ ಉಳಿದಿದ್ದರೆ ಶುಭ ಶುಕ್ರವಾರದೊಳಗೆ ಅದನ್ನು ಅಳಿಸಿ, ಅದಕ್ಕಾಗಿ ಸಭೆಯ ಮುಂದೆ ಬಾಯ್ತೆರೆದು ಕ್ಷಮೆ ಕೇಳಿ. ಸಾಮೂಹಿಕ ಪಾಪ ನಿವೇದನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಒಟ್ಟಾಗಿ ಕೇಳುವ ಕ್ಷಮೆಯಲ್ಲಿ ಇದನ್ನು ಸೇರಿಸಿ ಮುಗಿಸಬೇಡಿ. ಈ ತಪ್ಪಿಗೆ ಇದರದ್ದೇ ಹೆಸರು ಬೇಕು.

ಐದು. ಶಿಕ್ಷೆ ಮುಗಿಸಿ ಜೈಲಿನಿಂದ ಬಂದವನಿಗೆ ನಮ್ಮ ಊರಿನಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ. ಸಭೆಗೊಬ್ಬರಂತೆ ಅಂಥವರ ಹೊಣೆಯನ್ನು ಈ ವರ್ಷ ಹೊತ್ತುಕೊಳ್ಳೋಣ. ಅಂಗಡಿ ಇದ್ದವರು ಕೆಲಸ ಕೊಡಿ, ಮನೆ ಇದ್ದವರು ಕೋಣೆ ಕೊಡಿ. ಏನೂ ಇಲ್ಲದವರು ಭಾನುವಾರ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಷ್ಟೂ ಮಾಡಿದರೆ ದೇವರು ನಮ್ಮನ್ನು ಕ್ಷಮಿಸುತ್ತಾನೆಂದು ನಾನು ಹೇಳುತ್ತಿಲ್ಲ. ಆ 3,000 ಕೋಟಿ ಕಂತಿನಲ್ಲಿ ತೀರುವ ಸಾಲವಲ್ಲ, ಅದು ಕೃಪೆಯಿಂದ ಮನ್ನಾ ಆದದ್ದು. ಮನ್ನಾ ಆದವನು ಮೆಟ್ಟಿಲು ಇಳಿದು ಯಾವ ಬೀದಿ ಹಿಡಿಯುತ್ತಾನೆ ಎಂಬುದಷ್ಟೇ ಇಲ್ಲಿಯ ಮಾತು.

ನಾನು ಎರಡನೆಯ ಸಲ ಅಕ್ಕನ ಮನೆಗೆ ಹೋದಾಗ ದಾನಪತ್ರದ ಕರಡು ಒಯ್ದಿದ್ದೆ. ಕನ್ನಡಕ ಹುಡುಕಿ ಹಾಕಿಕೊಂಡು, ಸರ್ವೆ ನಂಬರು, ಚೆಕ್ಕುಬಂದಿ, 40 ಸೆಂಟ್ಸ್ ಎಂಬ ಅಂಕಿ, ಎಲ್ಲವನ್ನೂ ಬೆರಳಿಟ್ಟು ಓದಿದಳು. ಬಾವಿ ಯಾರ ಪಾಲಿಗೆ ಎಂದು ಕೇಳಿದಳು. ಇಬ್ಬರಿಗೂ ಎಂದೆ. ಒಳಗೆ ಹೋಗಿ ಕಾಫಿ ತಂದಿಟ್ಟಳು. ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಆಧಾರ್ ಕಾರ್ಡು ತರುತ್ತೇನೆ ಎಂದಿದ್ದಾಳೆ. ಕ್ಷಮಿಸಿದ್ದೇನೆ ಎಂದು ಮಾತ್ರ ಇನ್ನೂ ಹೇಳಿಲ್ಲ. ಹೇಳು ಎಂದು ನಾನು ಕೇಳುವುದೂ ಇಲ್ಲ. ಒಂದು ಹಕ್ಕಿನ ಬಿಡುಗಡೆಗೆ ಅವಳಿಂದ ಸಹಿ ಹಾಕಿಸಿಕೊಂಡವನು ನಾನು. ಈ ಹಕ್ಕು ಅವಳ ಬಳಿಯೇ ಇರಲಿ.

ಈ ಭಾನುವಾರ ಎಡಬದಿಯ ಬೆಂಚಿನಲ್ಲಿ ಕೂರುತ್ತೇನೆ.

ನಿಮ್ಮ ಸಹೋದರ,
ಕರಾವಳಿಯ ಒಂದು ಸಭೆಯ ಸದಸ್ಯ